ಲೈನ್‌ಮನ್ ಓಡಿದರೆ

ನೇತ್ರಾ ನೀಲಪ್ಪನನ್ನು ಮೊದಲು ಕಂಡದ್ದು ಕರೆಂಟಿನ ಕಂಬದ ಮೇಲೆ. ಬಾದಾಮಿ ಹತ್ತಿರದ ಬನಶಂಕರಿಯ ತಿರುವಿನಲ್ಲಿ, ಏರುಬಿಸಿಲಿನ ಹೊತ್ತು. ಕಂಬದ ಬುಡದಲ್ಲಿ ಅವನ ಚಪ್ಪಲಿಗಳು ಜೋಡಿಯಾಗಿ ಕೂತಿದ್ದವು. ಬುತ್ತಿಯ ಗಂಟನ್ನು ನಾಯಿಗೆ ಎಟುಕದಷ್ಟು ಎತ್ತರದಲ್ಲಿ ಕಂಬಕ್ಕೇ ಕಟ್ಟಿದ್ದ. ಬಾಯಲ್ಲಿ ತಂತಿಯ ತುಂಡು ಕಚ್ಚಿಕೊಂಡಿದ್ದ.

ನೇತ್ರಾ ಇಳಕಲ್ಲಿನವಳು. ಬನಶಂಕರಿ ದಾಟಿದರೆ ಸಿಗುವ ತೋಟವೊಂದರಲ್ಲಿ ಸಣ್ಣ ಹಂಡೆಗಳಲ್ಲಿ ಬಿಯರು ಕಾಸುತ್ತಾಳೆ, ಬಾರ್ಲಿಗೆ ಒಂದಿಷ್ಟು ಬಿಳಿಜೋಳ ಬೆರೆಸಿ. ಅಂದು ಹಂಡೆ ಕುದಿಯುತ್ತಿದ್ದಾಗಲೇ ಕರೆಂಟು ಹೋಗಿತ್ತು.

"ಅಣ್ಣಾರ, ಕರೆಂಟ್ ಯಾವಾಗ ಬರ್ತೈತ್ರಿ? ಹಂಡೆ ಅರ್ಧಾ ಕುದ್ದು ನಿಂತೈತಿ."

ಅವನು ಬಾಯಿಂದ ತಂತಿ ತೆಗೆದ. "ಏನ್ ಕುದಿಸಾಕತ್ತೀರಿ ಅಕ್ಕಾರ?"

"ಬಿಯರು."

ಅವನು ಕಂಬದ ಮೇಲಿಂದ ಬಗ್ಗಿ ನೋಡಿದ. "ಮೊದಲ ಹೇಳಬಾರದ? ನಾ ಯಾರದೋ ಮನಿ ಬ್ಯಾಳಿ ಅಂದ್ಕೊಂಡಿದ್ನಿ."

ಸಂಜೆ ವೋಲ್ಟೇಜು ಸರಿಯಿದೆಯೇ ನೋಡಲು ತಾನೇ ಬಂದ. ನೇತ್ರಾ ಅವನನ್ನು ತನ್ನ ಗೆಳೆಯರ ರವಿವಾರ ಸಂಜೆಯ ಓಟಕ್ಕೆ ಕರೆದಳು. ಬಾದಾಮಿಯಿಂದ ಎಲ್ಲರೂ ಒಟ್ಟಿಗೆ ಓಡಿ ತೋಟ ಮುಟ್ಟಬೇಕು, ಆಮೇಲೆ ಬಿಯರು. ಆದರೆ ಕೊನೆಯವರು ಬರುವ ತನಕ ಪೀಪಾಯಿಯ ನಲ್ಲಿ ತಿರುವುವಂತಿಲ್ಲ. ಹಿಂದೆ ಬಿದ್ದವರು ಒಂಟಿಯಾಗಬಾರದೆಂದು ಅವಳೇ ಮಾಡಿದ ನಿಯಮ ಅದು.

ಕಂಬ ಏರಿ ಗಟ್ಟಿಯಾದ ಕಾಲು, ಓಟದಲ್ಲಿ ನೀಲಪ್ಪ ಯಾರಿಗೂ ಕಡಿಮೆಯಿರಲಿಲ್ಲ. ಆದರೂ ಪ್ರತಿ ವಾರ ಅವನೇ ಕೊನೆ. ಆ ರಸ್ತೆಯಲ್ಲಿ ಅವನನ್ನು ಅರಿಯದ ಮನೆಯಿಲ್ಲ. "ನೀಲಪ್ಪಾ, ಮೋಟರ್ ಹತ್ತವಲ್ದೋ" ಎಂದು ಒಬ್ಬರು ಕರೆದರೆ, "ಬಲ್ಬು ಮಿಣಿಮಿಣಿ ಅನ್ನಾಕತ್ತೈತಿ" ಎಂದು ಇನ್ನೊಬ್ಬರು. ಕರೆದವರನ್ನು ದಾಟಿ ಹೋಗುವುದು ಅವನಿಗೆ ಬಾರದು. ನಿಂತು ಉತ್ತರ ಕೊಡುತ್ತಿದ್ದ, ಚಹಾ ಕೊಟ್ಟರೆ ಕುಡಿಯುತ್ತಿದ್ದ. ಅತ್ತ ತೋಟದಲ್ಲಿ ಬೆವರಿದ ಮಂದಿ ಖಾಲಿ ಗ್ಲಾಸು ಹಿಡಿದು ಕೂತಿರುತ್ತಿದ್ದರು.

ಯಾವಾಗಲೂ ಮೊದಲು ಮುಟ್ಟುವ ಬ್ಯಾಂಕಿನ ಅನಿಲಕುಮಾರನಿಗೆ ತಾಳ್ಮೆ ಕೆಟ್ಟಿತು. "ನೇತ್ರಾ, ಅವ ಚಾ ಕುಡದ ಬರ್ತಾನ, ನಾವ್ ಉಗುಳು ನುಂಗ್ಕೋತ ಕುಂದರ್ತೇವಿ. ಮುಂದಿನ ವಾರಾನೂ ಹಿಂಗ ಆದ್ರ ಅವನ್ನ ಬಿಟ್ಟಬಿಡೂದ ಚಲೋ." ಉಳಿದವರೂ ಹೂಂಗುಟ್ಟಿದರು.

ನೇತ್ರಾ ಇದನ್ನು ಹೇಳಿದಾಗ ನೀಲಪ್ಪ ಗ್ಲಾಸಿನ ನೊರೆ ನೋಡುತ್ತ ಕೂತ. "ಬಿಯರ್ ಬಿಡ್ರಿ ಅಕ್ಕಾರ, ನಮ್ಮವ್ವನ ಅಂಬಲಿ ಇದಕಿಂತ ಹುಳಿ ಇರ್ತಿತ್ತು. ಖರೆ, ಊರ ಮಂದಿ ಕರೆಂಟಿಗೆ ಕಾಯ್ತಾರ. ನನಗಂತ ಕಾಯೋರು ನೀವಷ್ಟ." ಆಮೇಲೆ ಗ್ಲಾಸು ಕೆಳಗಿಟ್ಟ. "ಮುಂದಿನ ವಾರ ಯಾರ್ ಕರದ್ರೂ ನಿಲ್ಲಾಂಗಿಲ್ಲ."

ಆ ರವಿವಾರ ನೇತ್ರಾ ಅವನ ಬೆನ್ನಿಗೇ ಓಡಿದಳು. ಬನಶಂಕರಿಯಲ್ಲಿ ರೊಟ್ಟಿ ಮಾರುವ ತಾಯವ್ವ ಕೂಗಿದಳು, "ನೀಲಪ್ಪಾ, ಬಾರೋ ಇಲ್ಲಿ." ನೀಲಪ್ಪ ಕತ್ತು ಹೊರಳಿಸಲಿಲ್ಲ. ಕಬ್ಬಿನ ಹಾಲಿನ ಅಹ್ಮದಸಾಬ ಕರೆದ. ಅಲ್ಲಿಯೂ ನಿಲ್ಲಲಿಲ್ಲ.

ತಾಯವ್ವ ಬುಟ್ಟಿ ಬಿಟ್ಟು ಎದ್ದಳು. ಕರೆದರೂ ನಿಲ್ಲದೆ ಲೈನ್‌ಮನ್ ಓಡುತ್ತಾನೆಂದರೆ ಎಲ್ಲೋ ತಂತಿ ಹರಿದು ಬಿದ್ದಿರಬೇಕು. ಎಲ್ಲಿ ಬಿದ್ದಿದೆಯೆಂದು ತಿಳಿಯದಿರುವಾಗ ಕ್ಷೇಮದ ಜಾಗವೆಂದರೆ ಲೈನ್‌ಮನ್‌ನ ಬೆನ್ನ ಹಿಂದೆ. "ಏ, ಅವನ ಹಿಂದ ನಡೀರಿ" ಎಂದು ಅವಳು ಅಂದದ್ದೇ ತಡ, ಅಂಗಡಿಸಾಲು ಎದ್ದು ಓಡತೊಡಗಿತು. "ಏನೂ ಆಗಿಲ್ರಿ" ಎಂದು ನೇತ್ರಾ ಸಾರಿದಳು. "ಪರಊರ ಹುಡುಗಿ, ಆಕಿಗೇನ್ ಗೊತ್ತು" ಎಂದು ಅಹ್ಮದಸಾಬ ಅವಳನ್ನೂ ದಾಟಿ ಹೋದ.

ನೀಲಪ್ಪ ಅನಿಲಕುಮಾರನಿಗಿಂತ ಮೊದಲು ತೋಟ ಮುಟ್ಟಿದ. ಅವನ ಹಿಂದೆ ಅರ್ಧ ಊರು ಬಂದಿತು. ಅನಿಲಕುಮಾರ ನಲ್ಲಿಗೆ ಕೈ ಹಾಕಿದಾಗ ನೇತ್ರಾ ತಡೆದಳು.

"ಕೊನಿಯವರು ಬಂದಿಲ್ಲ."

ದೂರದಲ್ಲಿ ತಾಯವ್ವ ಸೊಂಟದ ಮೇಲೆ ಕೈಯಿಟ್ಟು, ನಿಂತು ನಿಂತು ಬರುತ್ತಿದ್ದಳು. ನೀಲಪ್ಪ ಹಿಂದಿರುಗಿ ಹೋಗಿ ಅವಳ ಕೈಹಿಡಿದು ಕರೆತಂದ. ಅಷ್ಟರಲ್ಲಿ ಹೊತ್ತು ಮುಳುಗಿತ್ತು.

"ಎಲ್ಲಿ ಬಿದ್ದೈತೋ ತಂತಿ?"

"ಎಲ್ಲೂ ಬಿದ್ದಿಲ್ಲಬೇ."

"ಮತ್ಯಾಕ ಓಡಿದಿ?"

"ಸುಮ್ನ."

"ಸುಮ್ನ ಓಡಾಕ ನಿನಗ ಪಗಾರ ಕೊಡ್ತಾರೇನೋ?" ಎಂದು ಅವಳು ಅವನ ಬೆನ್ನಿಗೊಂದು ಗುದ್ದಿದಳು.

ಅನಿಲಕುಮಾರ ನಗು ತಡೆಯಲಾರದೆ ಕುಕ್ಕರಿಸಿದ. "ನೀಲಪ್ಪಾ, ನೀ ನಿಂತ ನಿಂತ ಬಾರಪಾ ಮಾರಾಯ. ನೀ ಚಾ ಕುಡದ ಬಂದ್ರ ತಾಸು ತಡ, ಓಡಿ ಬಂದ್ರ ಊರ ಮಂದೀನ ಕಾಯಬೇಕು." ಮೊದಲ ಗ್ಲಾಸು ತುಂಬಿಸಿ ಅವನ ಕೈಗೇ ಕೊಟ್ಟ.

ನೀಲಪ್ಪ ಈಗಲೂ ಬಾದಾಮಿಯಲ್ಲಿ ಲೈನ್‌ಮನ್. ರವಿವಾರ ಉಳಿದವರಿಗಿಂತ ಮೊದಲೇ ಹೊರಟು, ಕರೆದವರ ಹತ್ತಿರವೆಲ್ಲ ನಿಂತು, ಎಲ್ಲರಿಗಿಂತ ಕೊನೆಗೆ ತೋಟ ಮುಟ್ಟುತ್ತಾನೆ.