ಬಾಗಿಲಿಗೆ ಬೆನ್ನು ಕೊಡದ ಮಗು

ನಿಮ್ಮ ಮಗಳ ಮನಸ್ಸಿನಲ್ಲಿ ಏನಿದೆ ಎಂದು ಶಾಲೆಯ ಟೀಚರ್ ಫೋನಿನಲ್ಲಿ ಕೇಳಿದಾಗ ನಾನು ಒಲೆಯ ಮೇಲೆ ಸಾರು ಇಟ್ಟಿದ್ದೆ. ಐದು ವರ್ಷದ ಮಗುವಿನ ಮನಸ್ಸಿನಲ್ಲಿ ಏನಿರುತ್ತದೆ? ಮೈಸೂರಿನಲ್ಲಿ ನಮ್ಮ ಮೇಷ್ಟ್ರು ಮಗ್ಗಿ ಬಂತೇ, ಕೈಬರಹ ದುಂಡಗಿದೆಯೇ ಎಂದು ನೋಡುತ್ತಿದ್ದರು. ಮನಸ್ಸನ್ನು ಯಾರೂ ಕೇಳಿದ್ದಿಲ್ಲ. ಸಾರು ಉಕ್ಕಿ ಒಲೆಯ ಮೇಲೆ ಸುಟ್ಟ ವಾಸನೆ ಬಂತು. ನಾನು ‘ಫೈನ್, ಫೈನ್’ ಎಂದು ಫೋನ್ ಇಟ್ಟುಬಿಟ್ಟೆ.

ಟೀಚರ್ ಹೇಳಿದ್ದು ಇಷ್ಟು. ಕಥೆಯ ಹೊತ್ತಿಗೆ ಮಕ್ಕಳೆಲ್ಲ ನೆಲದ ಮೇಲೆ ಹಾಸಿದ ಕಂಬಳಿಯಲ್ಲಿ ದುಂಡಗೆ ಕೂರುತ್ತಾರೆ. ನನ್ನ ಮಗಳು ಮಾಲಿನಿ ಮಾತ್ರ ಕೂರುವುದಿಲ್ಲ. ಗೋಡೆಗೆ ಒರಗಿ, ಬಾಗಿಲಿನ ಮೇಲೆ ಕಣ್ಣಿಟ್ಟು ನಿಂತಿರುತ್ತಾಳೆ. ಎಳೆದು ಕೂರಿಸಿದರೆ ಪಕ್ಕದ ಮಗುವನ್ನು ಚಿವುಟುತ್ತಾಳೆ.

ಅಮೆರಿಕದ ರಾಕ್‌ವಿಲ್‌ನ ಸಂಶೋಧನಾಲಯದಲ್ಲಿ ನನ್ನ ಗಂಡನಿಗೆ ಕೆಲಸ ಸಿಕ್ಕಿ, ೧೯೭೨ರಲ್ಲಿ ನಾವು ಬಂದೆವು. ಆಗಿನ್ನೂ ಎರಡು ತುಂಬಿರದ ಮಾಲಿನಿಯನ್ನು ಮೈಸೂರಿನಲ್ಲಿ ನನ್ನ ಅಮ್ಮನ ಬಳಿ ಬಿಟ್ಟಿದ್ದೆವು. ಮನೆ, ಕಾರು, ಲೈಸೆನ್ಸು ಎಲ್ಲ ಆಗಿ ನಾನು ಕರೆತರಲು ಹೋಗುವಷ್ಟರಲ್ಲಿ ಅವಳಿಗೆ ನಾಲ್ಕು ತುಂಬಿತ್ತು, ಅಜ್ಜಿಯನ್ನೇ ಅಮ್ಮ ಎನ್ನುತ್ತಿದ್ದಳು. ಬೆಂಗಳೂರಿನ ವಿಮಾನ ನಿಲ್ದಾಣದಲ್ಲಿ ನಾವು ಮಾಡಿದ್ದು ನಮ್ಮ ಕಡೆ ಎಲ್ಲರೂ ಮಾಡುವುದೇ. ‘ಅಗೋ ಕಾಗೆ ನೋಡು’ ಎಂದು ನಾನು ಅತ್ತ ತೋರಿಸಿದೆ, ಮಗು ಅತ್ತ ತಿರುಗಿತು, ಅಮ್ಮ ಕಂಬದ ಹಿಂದೆ ಸರಿದರು. ಹೊರಡುವವರು ಮಕ್ಕಳ ಕಣ್ಣು ತಪ್ಪಿಸಿ ಹೊರಡಬೇಕು, ಮಗು ಅಳಬಾರದು. ಅದು ಪ್ರೀತಿ ಎಂದೇ ನಮಗೆ ಗೊತ್ತು.

ಫೋನ್ ಬಂದ ವಿಷಯವನ್ನು ಸರೋಜಮ್ಮನವರಿಗೆ ಹೇಳಿದೆ. ದಾವಣಗೆರೆ ಕಡೆಯ ಡಾಕ್ಟರು, ನಮಗಿಂತ ಮೊದಲೇ ಬಂದವರು.

“ಹುಷಾರ್ ರೀ,” ಎಂದರು. “ಇಲ್ಲಿ ಮೊದ್ಲು ನಗ್ತಾರೆ, ಆಮೇಲೆ ನಮ್ಮ ಮೇಲೆ ಫೈಲ್ ಓಪನ್ ಮಾಡ್ತಾರೆ. ಏನ್ ಕೇಳಿದ್ರೂ ಎಲ್ಲಾ ಚೆನ್ನಾಗಿದೆ ಅನ್ರಿ.”

ಹಾಗೆ ಎಚ್ಚರಿಕೆ ಕಟ್ಟಿಕೊಂಡೇ, ಟೀಚರ್ ಕರೆದ ದಿನ ಶಾಲೆಗೆ ಹೋದೆ. ನನ್ನನ್ನು ಮಕ್ಕಳ ಕುರ್ಚಿಯಲ್ಲಿ ಕೂರಿಸಿದರು, ಮೊಣಕಾಲು ಎದೆಗೆ ಬಂತು. ಗೋಡೆಯ ತುಂಬ ಕಾಗದದ ಮುಖಗಳು: ಅಳುವ ಮುಖ, ಸಿಟ್ಟಿನ ಮುಖ, ಹೆದರಿದ ಮುಖ. ಇವತ್ತು ನಿನ್ನದು ಯಾವ ಮುಖ ಎಂದು ದಿನವೂ ಮಕ್ಕಳನ್ನು ಕೇಳುತ್ತಾರಂತೆ. ನಮ್ಮಲ್ಲಿ ಸಿಟ್ಟು ಮಾಡಿಕೊಂಡ ಮಗುವಿನ ಕೈಗೆ ಬೆಲ್ಲ ಕೊಡುತ್ತಾರೆ, ಇಲ್ಲದಿದ್ದರೆ ಬೆನ್ನಿಗೆ ಎರಡು ಕೊಡುತ್ತಾರೆ. ಎರಡರಲ್ಲೂ ಸಿಟ್ಟು ಬೇಗ ಮುಗಿಯುತ್ತದೆ. ಇಲ್ಲಿ ಅದಕ್ಕೆ ಚಿತ್ರ ಬರೆದು ಗೋಡೆಗೆ ಅಂಟಿಸಿದ್ದರು.

ಟೀಚರ್ ನಗುತ್ತಿದ್ದಳು. ನಗುತ್ತಲೇ ಬರೆದುಕೊಳ್ಳುತ್ತಿದ್ದಳು. ಬೆಳಿಗ್ಗೆ ಮಗುವನ್ನು ಹೇಗೆ ಬಿಟ್ಟು ಹೋಗುತ್ತೀರಿ ಎಂದು ಕೇಳಿದಳು. ಇದರಲ್ಲಿ ಸಿಕ್ಕಿಬೀಳುವಂಥದ್ದು ಏನೂ ಕಾಣಲಿಲ್ಲ. ತರಗತಿಯಲ್ಲಿರುವ ಮೀನಿನ ತೊಟ್ಟಿಯ ಹತ್ತಿರ ಕರೆದೊಯ್ಯುತ್ತೇನೆ, ಅವಳು ಮೀನು ನೋಡುತ್ತಿರುವಾಗ ಸದ್ದಿಲ್ಲದೆ ಬಂದುಬಿಡುತ್ತೇನೆ, ಒಂದು ದಿನವೂ ಅಳಿಸಿಲ್ಲ ಎಂದೆ, ಸ್ವಲ್ಪ ಜಂಬದಿಂದಲೇ.

ಅವಳು ಬರೆಯುವುದನ್ನು ನಿಲ್ಲಿಸಿದಳು. ನಾಳೆಯಿಂದ ಹೇಳಿ ಹೋಗಿ, ಅತ್ತರೆ ಅಳಲಿ, ನಾನು ಎತ್ತಿಕೊಳ್ಳುತ್ತೇನೆ ಎಂದಳು.

ಬೇಕೆಂದೇ ಮಗುವನ್ನು ಅಳಿಸು ಎನ್ನುವ ಹೆಂಗಸನ್ನು ಹೇಗೆ ನಂಬುವುದು? ಅಳಿಸಿ, ಅದನ್ನೂ ಬರೆದುಕೊಂಡರೆ? ನಾನು ಮೀನಿನ ತೊಟ್ಟಿಯನ್ನು ಬಿಡಲಿಲ್ಲ.

ಆ ವಸಂತದಲ್ಲಿ ಅಮ್ಮ ನಮ್ಮಲ್ಲಿಗೆ ಬಂದರು. ಮಾಲಿನಿ ಅವರ ಸೆರಗನ್ನು ಮುಷ್ಟಿಯಲ್ಲಿ ಹಿಡಿದೇ ಮಲಗುತ್ತಿದ್ದಳು. ಅಮ್ಮ ಬಚ್ಚಲಿಗೆ ಹೋದರೆ ಬಾಗಿಲ ಹೊರಗೆ ಕಾಯುತ್ತಿದ್ದಳು. ಎಲೆ ಉದುರುವ ಕಾಲಕ್ಕೆ ಅಮ್ಮ ಹೊರಡುವುದೆಂದಾಯಿತು.

“ಅವ್ಳು ಸ್ಕೂಲಿಗೆ ಹೋದಾಗ ನಾನು ಹೊರಟ್ಬಿಡ್ತೀನಿ ಕಣೇ,” ಎಂದರು ಅಮ್ಮ. “ಬಂದ್ಮೇಲೆ ಏನಾದ್ರೂ ಹೇಳಿ ಸಮಾಧಾನ ಮಾಡು.”

“ಬೇಡಮ್ಮ,” ಎಂದರು ಇವರು, ನನ್ನ ಗಂಡ. “ಟೀಚರ್ ಹೇಳಿದ್ದನ್ನ ಒಂದ್ಸಲ ಟ್ರೈ ಮಾಡೋಣ. ಭಾನುವಾರದ ಫ್ಲೈಟೇ ಬುಕ್ ಮಾಡ್ತೀನಿ, ಅವ್ಳೂ ಬರ್ಲಿ.”

“ಅಳೋದಕ್ಕೂ ಹೇಳಿಕೊಡ್ತಾರೇನಪ್ಪಾ ನಿಮ್ಮ ದೇಶದಲ್ಲಿ?”

ನಿಮ್ಮ ದೇಶ. ಅಮ್ಮ ನನ್ನನ್ನೂ ನೋಡಿಯೇ ಹಾಗೆಂದರು. ನಾನು ಅಮ್ಮನ ಪಕ್ಷ ಹಿಡಿಯಬೇಕೆಂದು ಬಾಯಿ ತೆರೆದೆ. ಅಷ್ಟರಲ್ಲಿ ಬಾಗಿಲ ಬಳಿ ಮಾಲಿನಿ ನಿಂತಿದ್ದಳು. ಅಟ್ಟದಿಂದ ಇಳಿಸಿದ್ದ ಸೂಟ್‌ಕೇಸನ್ನು ನೋಡುತ್ತಿದ್ದಳು. ಆಮೇಲೆ ನನ್ನನ್ನು ನೋಡಿದಳು. ಆ ನೋಟ ನನಗೆ ಗೊತ್ತಿತ್ತು. ಆ ಪುಟ್ಟ ಕುರ್ಚಿಯಲ್ಲಿ ಕೂತು ನಾನು ಟೀಚರನ್ನು ನೋಡಿದ್ದು ಹೀಗೆಯೇ: ಇವಳು ನಗುತ್ತಾಳೆ, ಹಿಂದೆ ಏನೋ ಇಟ್ಟುಕೊಂಡಿದ್ದಾಳೆ. ನನ್ನ ಮಗು ನನ್ನನ್ನು ನಂಬುತ್ತಿರಲಿಲ್ಲ.

“ಅಜ್ಜಿ ಭಾನುವಾರ ಊರಿಗೆ ಹೋಗ್ತಾರೆ, ಪುಟ್ಟಿ,” ಎಂದೆ.

“ಯಾವ ಡೋರ್‌ನಿಂದ?”

ಅದೊಂದನ್ನೇ ಕೇಳಿದಳು. ಅವಳು ಸೂಟ್‌ಕೇಸನ್ನು ಒದ್ದಳು. ಮತ್ತೆ ಒದ್ದಳು. “ಕೆಟ್ಟ ಅಜ್ಜಿ! ಬ್ಯಾಡ್ ಅಜ್ಜಿ!”

ಇವರು ಗದರಲು ಏಳುವಷ್ಟರಲ್ಲಿ ಅಮ್ಮ ಕೈ ಅಡ್ಡ ಹಿಡಿದರು. ನೆಲಕ್ಕೆ ಕೂತು ಅವಳನ್ನು ತೊಡೆಗೆ ಎಳೆದುಕೊಂಡರು.

“ಹೌದು ಕಣೇ, ಕೆಟ್ಟವಳೇ. ಬೈ, ಇನ್ನೂ ಬೈ.” ಆಮೇಲೆ ಸಣ್ಣ ದನಿಯಲ್ಲಿ, “ಅವತ್ತು ಕಂಬದ ಹಿಂದೆ ಇದ್ದೆ ಕಣೇ. ನೀನು ಕರೀತಿದ್ದೆ. ನಂಗೆ ಕೇಳಿಸ್ತಿತ್ತು.”

“ನಾನು ಹುಡುಕ್ದೆ,” ಎಂದಳು ಮಾಲಿನಿ. ಆಗ ಅವಳು ಅತ್ತಳು. ಬೆಂಗಳೂರಿನಿಂದ ತಂದ ಅಳು ಅದು. ಅಮ್ಮನೂ ಅತ್ತರು. ಇವರು ಹೋಗಿ ನೀರು ತಂದರು. ಯಾರೂ ಕಾಗೆ ತೋರಿಸಲಿಲ್ಲ.

ಡಲೆಸ್ ವಿಮಾನ ನಿಲ್ದಾಣದಲ್ಲಿ ಒಂದು ವಿಚಿತ್ರವಿದೆ. ವಿಮಾನದವರೆಗೆ ಜನ ನಡೆದು ಹೋಗುವುದಿಲ್ಲ. ಕಿಟಕಿಗಳಿರುವ ಒಂದು ಕೋಣೆಯಲ್ಲಿ ಕೂರುತ್ತಾರೆ, ಆ ಕೋಣೆಯೇ ಚಕ್ರದ ಮೇಲೆ ಉರುಳಿಕೊಂಡು ಹೋಗುತ್ತದೆ. ಮೊಬೈಲ್ ಲೌಂಜ್ ಎನ್ನುತ್ತಾರೆ. ಅದರ ಬಾಗಿಲನ್ನು ಮಾಲಿನಿಗೆ ಮೊದಲೇ ತೋರಿಸಿದೆ. “ಈ ಡೋರ್‌ನಿಂದ,” ಎಂದೆ. ಅಮ್ಮ ಅವಳ ಎದುರೇ ನಿಂತು, “ಹೋಗ್ಬರ್ತೀನಿ ಕಣೇ,” ಎಂದು ಒಳಗೆ ಹೋದರು. ತಿರುಗಿ ನೋಡಬಾರದೆಂಬ ಶಾಸ್ತ್ರ ಮುರಿದು, ತಿರುಗಿ ನೋಡಿದರು. ಕೋಣೆ ಕದಲಿತು. ಮಾಲಿನಿ ದೊಡ್ಡ ದನಿ ತೆಗೆದು ಅತ್ತಳು, ಅಳುತ್ತಲೇ ಕೈ ಬೀಸಿದಳು. ಸುತ್ತಲಿನವರು ನೋಡಿದರು, ನೋಡಲಿ ಎಂದು ಬಿಟ್ಟೆ.

ಮರುದಿನ ಮೀನಿನ ತೊಟ್ಟಿಗೆ ಹೋಗಲಿಲ್ಲ. ಅವಳ ಮುಂದೆ ಕುಕ್ಕರುಗಾಲಲ್ಲಿ ಕೂತು, ಅಮ್ಮ ಈಗ ಹೋಗ್ತಾಳೆ, ಊಟ ಆದ್ಮೇಲೆ ಬರ್ತಾಳೆ ಎಂದೆ. ಅತ್ತಳು. ಟೀಚರ್ ಎತ್ತಿಕೊಂಡಳು. ಹೀಗೆ ಎಷ್ಟೋ ಬೆಳಗು ಕಳೆದು, ಚಳಿ ಬಲಿತ ಮೇಲೆ ಒಂದು ದಿನ ಬಾಗಿಲಿನ ಗಾಜಿನಿಂದ ಇಣುಕಿದೆ. ಮಾಲಿನಿ ಕಂಬಳಿಯ ಮೇಲೆ ಕೂತಿದ್ದಳು, ಬೆನ್ನು ನನ್ನ ಕಡೆಗೆ. ತಿರುಗಲಿಲ್ಲ.

ಆ ಟೀಚರ್ ಏನು ಬರೆದುಕೊಂಡಳೋ ನನಗೆ ಇವತ್ತಿಗೂ ಗೊತ್ತಿಲ್ಲ, ಅನುಮಾನ ಪೂರ್ತಿ ಹೋಗಿಲ್ಲ. ಮೈಸೂರಿಗೆ ಹೋದಾಗ ಈಗ ಎಲ್ಲರ ಮಕ್ಕಳಿಗೂ ಮುಖಕ್ಕೆ ಮುಖ ಕೊಟ್ಟು ಹೇಳಿ ಹೊರಡುತ್ತೇನೆ. ಮಕ್ಕಳು ಅಳುತ್ತವೆ. ಅಮೆರಿಕಕ್ಕೆ ಹೋಗಿ ಎದೆ ಕಲ್ಲಾಯಿತು ಇವಳಿಗೆ ಎಂದು ನಮ್ಮ ಚಿಕ್ಕಮ್ಮ ನನಗೆ ಕೇಳಿಸುವಂತೆಯೇ ಅಂದರು.

ಇಲ್ಲಿ, ಬೆಳಿಗ್ಗೆ ಮಾಲಿನಿಗೆ ‘ಬೈ’ ಹೇಳಿ ಕಾರಿನಲ್ಲಿ ಬಂದು ಕೂರುತ್ತೇನೆ. ಅವಳಾಗಲೇ ಒಳಗೆ ಓಡಿರುತ್ತಾಳೆ. ಕೀಲಿ ತಿರುವಲು ಕೈ ಏಳುವುದಿಲ್ಲ. ಅಗೋ ಕಾಗೆ ನೋಡು ಎಂದು ನನ್ನ ಮುಖವನ್ನು ಅತ್ತ ತಿರುಗಿಸುವವರು ಯಾರಾದರೂ ಪಕ್ಕದಲ್ಲಿದ್ದರೆ ಎನ್ನಿಸುತ್ತದೆ.