ಅಕ್ಕನ ಮಾತ್ರೆ, ಭಾವನ ಪಥ್ಯ

ಅಕ್ಕ ಇಲಿಜ್ವರದಿಂದ ಬದುಕಿ ಬಂದಳು, ನಿಜ. ಆದರೆ ಘಟ್ಟದ ಕೆಳಗಿನ ಆಸ್ಪತ್ರೆಯ ಐಸಿಯುವಿನಲ್ಲಿ ಉಸಿರಾಟದ ಯಂತ್ರ ಹಾಕಿಸಿಕೊಂಡು ಮಲಗಿದ್ದವಳು ತೋಳು ತೊಡೆಗಳ ಬಲವನ್ನೆಲ್ಲ ಅಲ್ಲೇ ಬಿಟ್ಟು ಬಂದಂತಿತ್ತು. ಹಾನುಬಾಳಿನ ಹತ್ತಿರದ ತೋಟದಲ್ಲಿ ಕಾಫಿ ಮೂಟೆಗೆ ತಾನೇ ಹೆಗಲು ಕೊಡುತ್ತಿದ್ದ ಹೆಂಗಸು ಈಗ ಕುರ್ಚಿಯಿಂದ ಏಳಬೇಕಾದರೆ ಭಾವ ಬಂದು ಎತ್ತಬೇಕು.

ಹೀಗೆ ಸೋತವರ ಮೈಗೆ ಬಲ ತರಬಹುದಾದ ಒಂದು ಔಷಧಿಯನ್ನು ಅದೇ ಆಸ್ಪತ್ರೆಯಲ್ಲಿ ಪರೀಕ್ಷಿಸುತ್ತಿದ್ದರು. ಅಕ್ಕ ಒಪ್ಪಿ ಸೇರಿಕೊಂಡಳು. ಕೆಲವರಿಗೆ ನಿಜವಾದ ಮಾತ್ರೆ, ಕೆಲವರಿಗೆ ನೋಡಲು ಹಾಗೇ ಇರುವ, ಔಷಧಿಯೇ ಇಲ್ಲದ ಮಾತ್ರೆ. ಯಾರಿಗೆ ಯಾವುದು ಎಂದು ಡಾಕ್ಟರಿಗೂ ತಿಳಿಯುವುದಿಲ್ಲವಂತೆ.

"ಕೊಡೋರಿಗೇ ಗೊತ್ತಿಲ್ಲ ಅಂದ್ರೆ ನಾವೇ ಹುಷಾರಾಗಿರ್ಬೇಕು ಕಣೋ ಮಾರಾಯ," ಎಂದು ಭಾವ ನನ್ನನ್ನು ಕಣದ ಮೂಲೆಗೆ ಕರೆದು ಪಿಸುಗುಟ್ಟಿದರು.

ಮೊದಮೊದಲು ಅಕ್ಕ ಚೂರು ಚೇತರಿಸಿಕೊಂಡಳು. ಆಮೇಲೆ ಇಳಿಮುಖ. ಕೆನ್ನೆ ಒಳಗೆ ಹೋಯಿತು, ಬಾಚಣಿಗೆ ಎತ್ತಲೂ ಆಗದಾಯಿತು. ಮಾತ್ರೆಯೇ ಅವಳನ್ನು ತಿನ್ನುತ್ತಿದೆಯೇನೋ ಎಂಬ ಹೆದರಿಕೆ ನನ್ನ ಎದೆಯಲ್ಲಿ ಕೂತುಬಿಟ್ಟಿತು. ತಪಾಸಣೆಗೆಂದು ಜೀಪಿನಲ್ಲಿ ಘಟ್ಟ ಇಳಿಯುವಾಗ ಕನ್ನಡಿಯಲ್ಲಿ ಅವಳ ಮುಖವನ್ನೇ ನೋಡುತ್ತಿದ್ದೆ. ಅವಳಿಗಿದ್ದ ಭಯ ಬೇರೆ: "ಡಾಕ್ಟ್ರು ನನ್ನ ಪರೀಕ್ಷೆಯಿಂದ ತೆಗ್ದುಬುಟ್ರೆ ಏನೋ ಮಾಡೋದು?"

ಡಾಕ್ಟರು ಕೈಯೂರದೆ ಏಳಲು ಹೇಳಿದರು. ಅಕ್ಕ ಕುರ್ಚಿಯಲ್ಲೇ ತುಯ್ದಾಡಿ ಬೆವತಳು. ಹೀಗೇ ಆದರೆ ಮಾತ್ರೆ ನಿಲ್ಲಿಸಬೇಕಾಗುತ್ತದೆ ಎಂದ ಡಾಕ್ಟರು, ಊಟ ಹೇಗೆ ಎಂದು ಕೇಳಿದರು.

ಭಾವ ಎದೆಯುಬ್ಬಿಸಿ ಎದ್ದು ನಿಂತರು. "ಪಥ್ಯ ಒಂದ್ ಚೂರೂ ತಪ್ಪಿಲ್ಲ ಸಾರ್. ಕೋಳಿ, ಮೀನು, ಮೊಟ್ಟೆ, ಮೊಸರು ಯಾವ್ದೂ ಸೋಕ್ಸಿಲ್ಲ. ಬೆಳಿಗ್ಗೆ ಗಂಜಿ, ರಾತ್ರಿ ಗಂಜಿ. ನಾನೂ ಅದನ್ನೇ ಕುಡೀತೀನಿ."

ಭಾವನ ತಂದೆ ಕಾಮಾಲೆಗೆ ನಾಟಿ ಔಷಧಿ ಕೊಡುತ್ತಿದ್ದವರು. ಔಷಧಿ ಎಷ್ಟು ಜೋರೋ ಪಥ್ಯವೂ ಅಷ್ಟೇ ಜೋರು ಎಂಬುದು ಆ ಮನೆಯ ನಡಾವಳಿ. ಪರೀಕ್ಷೆಯಲ್ಲಿರುವ ಔಷಧಿ ಎಂದಮೇಲೆ ಕೇಳಬೇಕೇ! ಚೆನ್ನಾಗಿ ತಿನ್ನಿಸಿ ಎಂದು ನರ್ಸು ಹೇಳಿದ್ದನ್ನು ಅವರು ಎಲ್ಲರಿಗೂ ಹೇಳುವ ಉಪಚಾರದ ಮಾತೆಂದುಕೊಂಡಿದ್ದರು.

"ನನ್ ಹಲ್ಲಿಗೆ ರಜ ಕೊಟ್ಬುಟ್ಟವ್ರೆ ಸಾರ್," ಎಂದಳು ಅಕ್ಕ.

ಡಾಕ್ಟರು ನಗಲಿಲ್ಲ. "ಯಜಮಾನ್ರೇ, ತಿನ್ನದೇ ಇದ್ರೆ ಮೈ ಎಲ್ಲಿಂದ ಬರಬೇಕು?" ಎಂದರು. ಸೊರಗಿದ್ದಕ್ಕೆ ಗಂಜಿಯೊಂದೇ ಕಾರಣವೋ, ಮಾತ್ರೆಯ ಪಾಲೂ ಇದೆಯೋ ಈಗಲೇ ಹೇಳಲಾಗದು. ರಕ್ತ ತೆಗೆದಿದ್ದೇವೆ, ಮುಂದಿನ ಸಲದವರೆಗೆ ನೋಡೋಣ ಎಂದರು.

ಅಂದು ಮನೆಯಲ್ಲಿ ಕೋಳಿಸಾರು. ಭಾವ ತಾವೇ ಬಡಿಸಿ, ಅಕ್ಕನ ಎದುರು ಕುಕ್ಕರುಗಾಲಲ್ಲಿ ಕೂತರು.

"ತಲೆ ಗಿರ್ ಅಂತೈತಾ? ಹೊಟ್ಟೆ ಉರೀತೈತಾ?"

"ಉರೀತೈತೆ. ನೀವು ಹಿಂಗ್ ಬಾಯೊಳಗೇ ಕಣ್ಣಿಟ್ಕಂಡು ಕೂತ್ರೆ ಇನ್ನೇನಾಯ್ತದೆ?"

ಅವಳು ನಿಧಾನವಾಗಿ ಅಗಿದು ಮುಗಿಸಿ, ಇನ್ನಷ್ಟು ಹಾಕಿ ಎಂದು ತಟ್ಟೆ ಮುಂದೆ ಹಿಡಿದಳು. ತಟ್ಟೆ ಗಡಗಡ ನಡುಗಿತು. ಭಾವ ಸೌಟು ಎತ್ತಿದವರು ತಡೆದು ನನ್ನತ್ತ ನೋಡಿದರು. ಅವಳನ್ನು ಸೊರಗಿಸಿದ್ದು ಗಂಜಿಯೋ ಮಾತ್ರೆಯೋ, ನನಗಾದರೂ ಏನು ಗೊತ್ತಿತ್ತು?

"ಹಾಕಿ ಭಾವ," ಎಂದೆ.