ಐನೂರು ಅಡಿಯ ಕೆಳಗಿನ ಸಮುದ್ರ

ನನ್ನ ಅಕ್ಕ ಇಪ್ಪತ್ತೇಳು ವರ್ಷ ಸವದತ್ತಿಯಲ್ಲಿ ಹೆರಿಗೆ ಡಾಕ್ಟರಾಗಿದ್ದಳು. ನಾನು ಬೈಲಹೊಂಗಲದಲ್ಲಿ ಟ್ರ್ಯಾಕ್ಟರ್ ಬಿಡಿಭಾಗಗಳ ಅಂಗಡಿ ಇಟ್ಟುಕೊಂಡವನು. ನಾವಿಬ್ಬರೂ ನಲವತ್ತು ದಾಟಿದ ಮೇಲೆ ವಿಮಾನ ಹಾರಿಸಲು ಕಲಿತೆವು ಎಂದರೆ ನಮ್ಮ ಕಡೆಯವರು ಇವತ್ತಿಗೂ ನಂಬುವುದಿಲ್ಲ. ಲೈಸೆನ್ಸ್ ತೋರಿಸಿದರೆ ತಿರುವಿ ಮುರುವಿ ನೋಡಿ, ಇದನ್ನು ಎಲ್ಲಿ ಮಾಡಿಸಿದಿರಿ ಎನ್ನುತ್ತಾರೆ.

ಅಕ್ಕ ನನಗಿಂತ ಆರು ವರ್ಷ ದೊಡ್ಡವಳು. ಅವಳು ಹತ್ತು ವರ್ಷದವಳಿದ್ದಾಗ ನಮ್ಮ ಹತ್ತಿ ಹೊಲಗಳಿಗೆ ವಿಮಾನದಿಂದ ಔಷಧ ಹೊಡೆಸಿದ್ದರಂತೆ. ಹೊಲದ ಬದುವಿಗೆ ಬರಬೇಡಿ ಎಂದು ಡಂಗುರ ಸಾರಿದ್ದರೂ ಅಕ್ಕ ಮನೆಯವರ ಕಣ್ಣು ತಪ್ಪಿಸಿ ಓಡಿದ್ದಳು. ವಿಮಾನ ಬೇವಿನ ಮರದ ತುದಿಗೆ ತಾಗುವಷ್ಟು ಕೆಳಗೆ ಬಂತು, ಒಳಗಿದ್ದವನ ಮುಖ ಕಾಣಿಸಿತು, ಅವನು ಕೈ ಎತ್ತಿದ. ಅವಳು ಮೈತುಂಬ ಔಷಧದ ವಾಸನೆ ಹೊತ್ತು ಮನೆಗೆ ಬಂದಾಗ ಅವ್ವ ಬಾವಿಕಟ್ಟೆಯ ಹತ್ತಿರ ನಿಲ್ಲಿಸಿ ಬೈಯುತ್ತಲೇ ನೀರು ಸುರಿದಳಂತೆ. ಇದೆಲ್ಲ ಅವ್ವ ಹೇಳಿದ್ದು. ನನಗಾಗ ನಾಲ್ಕು ವರ್ಷ.

ಅಕ್ಕ ಮದುವೆಯಾಗಲಿಲ್ಲ. ಸವದತ್ತಿಯ ಕೋಟೆ ಕೆಳಗಿನ ಓಣಿಯಲ್ಲಿ ಅವಳ ನರ್ಸಿಂಗ್ ಹೋಮ್. ರಾಮದುರ್ಗದ ಕಡೆಯಿಂದ, ಉಗರಗೋಳದಿಂದ, ದೇವಿಯ ಗುಡ್ಡಕ್ಕೆ ಹರಕೆ ಹೊತ್ತು ನಡೆದು ಬಂದು ದಾರಿಯಲ್ಲೇ ನೋವು ಕಾಣಿಸಿಕೊಂಡವರು, ಎಲ್ಲರೂ ಅಲ್ಲಿಗೇ. ಒಂದು ದಿನಕ್ಕೂ ಊರು ಬಿಡದಿದ್ದ ಅವಳು ನಲವತ್ತಾರನೆಯ ವಯಸ್ಸಿನಲ್ಲಿ ಇದ್ದಕ್ಕಿದ್ದಂತೆ ಭಾನುವಾರಗಳನ್ನು ತನಗೆಂದು ಇಟ್ಟುಕೊಂಡು, ಬೆಳಗಾವಿ ಕಡೆಯ ಒಂದು ಫ್ಲೈಯಿಂಗ್ ಕ್ಲಬ್ಬಿಗೆ ಸೇರಿದಳು. ಯಾಕೆ ಎಂದು ಕೇಳಿದ್ದಕ್ಕೆ, "ಮಂದಿ ಕೂಸು ಹಡಿಯೂದು ನೋಡಿ ನೋಡಿ ಸಾಕಾಗೇತಿ, ನಾನೂ ಒಂದು ಏನರ ಮಾಡಬೇಕು" ಎಂದಳು. ಎರಡು ವರ್ಷದ ಮೇಲೆ ನನ್ನನ್ನೂ ಎಳೆದುಕೊಂಡು ಹೋದಳು.

ನಮಗೆ ಕಲಿಸಿದವರು ವಾಯುಸೇನೆಯಿಂದ ನಿವೃತ್ತರಾದ ಒಬ್ಬ ಹಿರಿಯರು. ಅವರು ಮೊದಲ ದಿನವೇ ಎತ್ತರದ ನಿಯಮ ಬಾಯಿಪಾಠ ಮಾಡಿಸುತ್ತಿದ್ದರು. ಊರಿನ ಮೇಲೆ ಹಾರುವಾಗ ಸುತ್ತಲಿನ ಅತಿ ಎತ್ತರದ ಕಟ್ಟಡಕ್ಕಿಂತ ಸಾವಿರ ಅಡಿ ಮೇಲಿರಬೇಕು. ಉಳಿದ ಕಡೆ, ಕೆಳಗೆ ಹೊಲವಿರಲಿ ನೀರಿರಲಿ, ಐನೂರು ಅಡಿ. ಏರುವಾಗ ಇಳಿಯುವಾಗ ಬಿಟ್ಟರೆ ಅದಕ್ಕಿಂತ ಕೆಳಗೆ ಬರುವಂತಿಲ್ಲ. ಎಂಜಿನ್ ಕೈಕೊಟ್ಟರೆ ಎಲ್ಲಿ ಇಳಿಯಲಿ ಎಂದು ನೋಡುವುದಕ್ಕಾದರೂ ಅಷ್ಟು ಎತ್ತರ ಬೇಕು ಎನ್ನುತ್ತಿದ್ದರು. ಅಕ್ಕನಿಗೆ ಅದು ಆಪರೇಷನ್ನಿಗೆ ಮೊದಲು ಕೈ ತೊಳೆದಂತೆ. ನನಗೆ ಅದು ಪರೀಕ್ಷೆಯ ಉತ್ತರ, ಅಷ್ಟೇ.

ಲೈಸೆನ್ಸ್ ಬಂದ ಮೊದಲ ಚಳಿಗಾಲದಲ್ಲಿ ಒಬ್ಬನೇ ಸಂಗೊಳ್ಳಿಯ ಮೇಲೆ ಹಾರಿದೆ. ಅಲ್ಲಿ ನಮ್ಮ ಸೋದರತ್ತೆಯ ಮನೆಯವರ ಹೊಲ. ಮೊದಲೇ ಫೋನ್ ಮಾಡಿ ಹೇಳಿದ್ದರಿಂದ ಅವರೆಲ್ಲ ಟವೆಲ್ ಬೀಸುತ್ತ ನಿಂತಿದ್ದರು. ನಾನು ಎತ್ತರ ಇಳಿಸಿದೆ. ಒಂದು ಸುತ್ತು ಹಾಕಿ ಮತ್ತೆ ಇಳಿಸಿದೆ. ಅತ್ತೆಯ ಸೀರೆಯ ಅಂಚಿನ ಬಣ್ಣ ಕಾಣಿಸಿತು. ಆ ಖುಷಿಯನ್ನು ಈಗಲೂ ಸುಳ್ಳು ಎನ್ನಲಾರೆ.

ಕ್ಲಬ್ಬಿಗೆ ಮರಳಿ ಇಳಿದ ಮೇಲೆ ಅತ್ತೆಯ ಮನೆಯಿಂದ ಫೋನ್ ಬಂತು. ಪಕ್ಕದ ಹೊಲದಲ್ಲಿ ಜೋಳದ ಕಣಿಕೆ ಹೇರಿದ್ದ ಚಕ್ಕಡಿಯ ಎತ್ತುಗಳು ಸದ್ದಿಗೆ ಬೆದರಿ ಓಡಿದ್ದವು. ಮೇಲೆ ಕುಳಿತಿದ್ದ ವಯಸ್ಸಾದ ರೈತರೊಬ್ಬರು ಬಿದ್ದು ತೊಡೆಯ ಎಲುಬು ಮುರಿದುಕೊಂಡಿದ್ದರು. ನಾನು ಬೈಲಹೊಂಗಲದ ಆಸ್ಪತ್ರೆಗೆ ತಲುಪುವಷ್ಟರಲ್ಲಿ ಅಕ್ಕ ಸವದತ್ತಿಯಿಂದ ಬಂದು ಅವರ ಪಕ್ಕ ನಿಂತಿದ್ದಳು. ನನ್ನನ್ನು ಹೊರಗೆ ಕರೆದು ಕೇಳಿದಳು.

"ಎಷ್ಟು ಎತ್ತರದಾಗಿದ್ದಿ?"

"ಐನೂರಕ್ಕ ಒಂದೀಟು ಕಮ್ಮಿ ಇದ್ದೀತು."

"ಎತ್ತರ ತೋರ್ಸೂ ಮೀಟರ್ ಸಮುದ್ರದ ಮಟ್ಟದಿಂದ ಎಣಸತೈತಿ. ಸಂಗೊಳ್ಳಿ ಹೊಲದಿಂದಲ್ಲ. ನೆಲದ ಎತ್ತರ ಕಳದು ನೋಡಿದ್ದೇನು?"

ನೋಡಿರಲಿಲ್ಲ. ಆಮೇಲೆ ಲೆಕ್ಕ ಹಾಕಿದರೆ ನಾನು ಹೊಲದಿಂದ ಇನ್ನೂರು ಅಡಿ ಎತ್ತರದಲ್ಲೂ ಇರಲಿಲ್ಲ.

ಒಳಗೆ ಹೋಗಿ ಆ ರೈತರ ಕಾಲು ಮುಟ್ಟಿದೆ. "ಇರ್ಲಿ ಬಿಡ್ರೀ ಸಾವ್ಕಾರ್ರ, ಎತ್ತು ಬೆದರೂದು ಹೊಸಾದೇನಲ್ಲ" ಎಂದರು. ಕಾರಿನಲ್ಲಿ ಕುಳಿತ ಮೇಲೆ ಅಕ್ಕ ಹೇಳಿದಳು, "ಅವ್ರು ದೊಡ್ಡ ಮನಸಿನಿಂದ ಅಂದಾರ. ಅದನ್ನ ನೀ ಖರೇ ಅಂತ ತಿಳ್ಕೊಬ್ಯಾಡ. ಕೆಳಗ ಹಾರೂದು ಖುಷಿ ಇರತೈತಿ, ನನಗೂ ಗೊತ್ತೈತಿ. ಆದ್ರ ಆ ಖುಷಿ ಮ್ಯಾಲಿದ್ದವರದು."

ಮಾರನೆಯ ದಿನ ಅವಳೇ ನನ್ನನ್ನು ಹಾರಾಟ ಕಲಿಸಿದ ಗುರುಗಳ ಮುಂದೆ ನಿಲ್ಲಿಸಿ ಎಲ್ಲ ಹೇಳಿಸಿದಳು. ವರದಿ ಹೋಯಿತು. ಆರು ತಿಂಗಳು ನನಗೆ ಹಾರಾಟ ಇಲ್ಲವಾಯಿತು. ಆ ರೈತರ ಎಲುಬು ಕೂಡಿತು, ಆದರೆ ಕಾಲು ಎಳೆದು ನಡೆಯುವುದು ಕೊನೆಯವರೆಗೂ ಹೋಗಲಿಲ್ಲ. ಸಂತೆಯಲ್ಲಿ ಸಿಕ್ಕಾಗ ಅವರು ನಗುತ್ತಿದ್ದರು, ನಾನು ನೆಲ ನೋಡುತ್ತಿದ್ದೆ.

ಆಮೇಲೆ ನಾನು ಹಾರಿದ್ದೆಲ್ಲ ಅಕ್ಕನ ಜೊತೆಗೇ. ಅವಳಿಗೆ ಪ್ರೀತಿಯದೆಂದರೆ ಕೊಂಕಣದ ಕರಾವಳಿ. ವರ್ಷಕ್ಕೆ ಎರಡೋ ಮೂರೋ ಸಲ, ಮಳೆ ಮುಗಿದು ಆಕಾಶ ತಿಳಿಯಾದ ಮೇಲೆ ಹೋಗುತ್ತಿದ್ದೆವು. ಆ ದಂಡೆಯಲ್ಲಿ ನೌಕಾಪಡೆಯ ಪ್ರದೇಶಗಳಿರುವುದರಿಂದ ಮೊದಲೇ ದಾರಿ ಬರೆದುಕೊಟ್ಟು ಒಪ್ಪಿಗೆ ಪಡೆಯಬೇಕು, ಆ ದಾರಿ ಬಿಟ್ಟು ಕದಲುವಂತಿಲ್ಲ. ಘಟ್ಟ ದಾಟುವವರೆಗೆ ಅಕ್ಕ ಮಾತಾಡುತ್ತಿರಲಿಲ್ಲ. ಕಾಡು ಮುಗಿದು, ಹಂಚಿನ ಮನೆ, ತೆಂಗು, ಆಮೇಲೆ ಒಮ್ಮೆಲೇ ನೀಲಿ. ಅಲ್ಲಿಂದ ಅವಳ ಬಾಯಿ ಬಿಚ್ಚುತ್ತಿತ್ತು. ಬಲೆ ಎಳೆಯುವವರ ಸಾಲು, ದಡಕ್ಕೆ ಹಾಕಿದ ದೋಣಿಗಳ ಬಣ್ಣ, ಹೊಳೆಯ ಕೆಂಪು ನೀರು ಸಮುದ್ರದಲ್ಲಿ ಎಷ್ಟು ದೂರ ಹೋಗಿ ಕರಗುತ್ತದೆ ಎಂಬುದು, ಎಲ್ಲವನ್ನೂ ನನಗೆ ತೋರಿಸಬೇಕು. ತೆರೆಗಳನ್ನು ಎಣಿಸುತ್ತಿದ್ದಳು. ಒಂದು ಸಲವೂ ಐನೂರರ ಕೆಳಗೆ ಇಳಿಯಲಿಲ್ಲ. ಶಾಂತ ಸಮುದ್ರದ ಮೇಲೆ ಎತ್ತರ ತಿಳಿಯುವುದಿಲ್ಲ, ಮರ ಮನೆ ಏನೂ ಇರುವುದಿಲ್ಲ, ನೀರು ಆಕಾಶ ಒಂದೇ ಆಗಿ ಕಣ್ಣು ಮೋಸ ಹೋಗುತ್ತದೆ ಎಂದು ಪ್ರತಿ ಸಲವೂ ಹೇಳುತ್ತಿದ್ದಳು.

ಅವಳ ಕಣ್ಣು ಹೋಗುತ್ತಿರುವುದು ನಮ್ಮಿಬ್ಬರಿಗೂ ತಡವಾಗಿ ಗೊತ್ತಾಯಿತು. ಒಂದು ಭಾನುವಾರ ಬಲಗಡೆಯಿಂದ ಬರುತ್ತಿದ್ದ ಇನ್ನೊಂದು ವಿಮಾನವನ್ನು ನಾನು ಕೈ ಮಾಡಿ ತೋರಿಸಿದರೂ ಅವಳಿಗೆ ಕಾಣಿಸಲಿಲ್ಲ. ಅದೇ ತಿಂಗಳು ಆಪರೇಷನ್ ಕೋಣೆಯಲ್ಲಿ ನರ್ಸು ಪಕ್ಕದಿಂದ ಹಿಡಿದ ಕತ್ತರಿ ಕಾಣದೆ ಎರಡು ಸಲ ಕೇಳಿದ್ದಳಂತೆ. ಲೈಸೆನ್ಸಿಗೆ ಬೇಕಾದ ವೈದ್ಯಕೀಯ ಪರೀಕ್ಷೆಯ ನವೀಕರಣಕ್ಕೆ ಹೋದಾಗ ನಿಜ ಹೊರಬಿತ್ತು. ಗ್ಲಾಕೋಮಾ. ನೋವಿಲ್ಲದೆ ವರ್ಷಗಟ್ಟಲೆ ದೃಷ್ಟಿಯನ್ನು ಬದಿಯಿಂದ ತಿಂದುಕೊಂಡು ಬಂದಿತ್ತು.

ನಾನು ಸವದತ್ತಿಗೆ ಹೋದಾಗ ಮಧ್ಯಾಹ್ನ ಎರಡು ಗಂಟೆ. ತಪಾಸಣೆ ಕೋಣೆಯಲ್ಲಿ ಒಬ್ಬಳೇ ಕುಳಿತಿದ್ದಳು. ತಾನೂ ಡಾಕ್ಟರಾಗಿ ಇದನ್ನು ಗುರುತಿಸಲಿಲ್ಲ ಎಂಬುದೇ ಅವಳಿಗೆ ದೊಡ್ಡ ನೋವಾಗಿತ್ತು.

"ಹೋದದ್ದು ಬರೂದಿಲ್ಲ. ಇದ್ದದ್ದನ್ನ ಉಳಿಸ್ಲಿಕ್ಕೆ ನೋಡ್ತಾರಂತ" ಎಂದಳು. "ಇವತ್ತಿನಿಂದ ಚಾಕು ಹಿಡಿಯೂದು ಬಿಟ್ಟೆ. ವಿಮಾನನೂ ಬಿಟ್ಟೆ."

ಅವ್ವನಿಗೆ ಹೇಳಿದಾಗ ಅವಳು ಹತ್ತಿ ಹೊಲದ ಆ ದಿನವನ್ನೇ ಹಿಡಿದು ಕುಳಿತಳು. "ಆವತ್ತ ಕಣ್ಣಾಗ ಹತ್ತಿಗೆ ಹೊಡಿಯೂ ಎಣ್ಣಿ ಬಿದ್ದಿತ್ತು. ನಾ ನೀರು ಹಾಕೂದು ತಡಾ ಮಾಡಿದೆ." ಹಾಗಲ್ಲವೆಂದು ಅಕ್ಕ ಎಷ್ಟು ತಿಳಿಸಿ ಹೇಳಿದರೂ ಅವ್ವ ಒಪ್ಪಲಿಲ್ಲ. ಅದೇ ವರ್ಷ ತೀರಿಕೊಂಡಳು, ಆ ತಪ್ಪನ್ನು ತನ್ನ ಮೇಲೇ ಇಟ್ಟುಕೊಂಡು.

ಔಷಧ, ಲೇಸರ್, ಒಂದು ಶಸ್ತ್ರಚಿಕಿತ್ಸೆ. ಯಾವುದೂ ಬಹಳ ದಿನ ತಡೆಯಲಿಲ್ಲ. ಎರಡನೆಯ ವರ್ಷದ ಜನವರಿಯಲ್ಲಿ ಅವಳೇ ಫೋನ್ ಮಾಡಿದಳು. "ತಮ್ಮಾ, ಒಂದ್ಸಲ ಸಮುದ್ರ ತೋರಸು. ಇನ್ನ ಬ್ಯಾಸಿಗಿಗೆ ಇಷ್ಟೂ ಇರೂದಿಲ್ಲ."

ಗುರುಗಳು ತಾವೇ ಬಂದು ಅವಳ ಬೆಲ್ಟ್ ಬಿಗಿದರು. ಅವಳು ಬಲಗಡೆಯ ಸೀಟಿನಲ್ಲಿ, ನಾನು ಎಡಗಡೆ. ಘಟ್ಟ ದಾಟಿ, ಮಾಲ್ವಣದ ಹತ್ತಿರ ದಕ್ಷಿಣಕ್ಕೆ ತಿರುಗಿಸಿದೆ, ಸಮುದ್ರ ಅವಳ ಬಲಕ್ಕೆ ಇರಲಿ ಎಂದು. ಗಾಳಿ ಇರಲಿಲ್ಲ. ಐನೂರಕ್ಕೆ ಇಳಿಸಿ ಅದೇ ಎತ್ತರದಲ್ಲಿ ಹಾರಿಸಿದೆ.

"ಬಂತೇನು?"

"ಬಂದೈತಿ ಅಕ್ಕಾ, ನಿನ್ನ ಬಗಲಾಗ ಐತಿ."

ಅವಳು ಹಣೆಯನ್ನು ಕಿಟಕಿಗೆ ಒತ್ತಿ, ತಲೆಯನ್ನು ಅತ್ತ ಇತ್ತ ಸರಿಸಿ ಬಹಳ ಹೊತ್ತು ನೋಡಿದಳು.

"ಬೂದಿ ಬಣ್ಣ ಕಾಣತೈತಿ. ತೆರಿ ಕಾಣವಲ್ಲವು. ಇನ್ನೊಂದೀಟು ಇಳಸು."

"ಐನೂರರಾಗ ಅದೀವಿ."

"ಗೊತ್ತೈತಿ. ಇಳಸು."

"ಆಗೂದಿಲ್ಲ ಅಕ್ಕಾ."

"ಕೆಳಗ ಯಾರರ ಅದಾರೇನು?"

"ಯಾರೂ ಇಲ್ಲ. ದೂರ ಒಂದು ದೋಣಿ ಐತಿ."

"ಮತ್ತ?"

ಎತ್ತು ಇರಲಿಲ್ಲ, ಚಕ್ಕಡಿ ಇರಲಿಲ್ಲ. ಇದ್ದದ್ದು ನುಣ್ಣಗಿನ ನೀರು, ಮತ್ತು ಅದರ ಬಗ್ಗೆ ಅವಳೇ ನನಗೆ ಹೇಳಿಕೊಟ್ಟ ಮಾತು.

ಆ ವಿಮಾನದಲ್ಲಿ ಎರಡೂ ಸೀಟಿನ ಮುಂದೆ ಹಿಡಿಕೆಗಳಿವೆ. ಒಂದು ಅಲುಗಿದರೆ ಇನ್ನೊಂದೂ ಅಲುಗುತ್ತದೆ. ನನ್ನ ಕೈಯಲ್ಲಿದ್ದ ಹಿಡಿಕೆ ಮೆಲ್ಲಗೆ ಮುಂದಕ್ಕೆ ಸರಿಯಿತು. ನೋಡಿದರೆ ಅಕ್ಕ ತನ್ನದನ್ನು ಎರಡೂ ಕೈಯಲ್ಲಿ ಹಿಡಿದು ಒತ್ತುತ್ತಿದ್ದಾಳೆ. ಮುಖ ಇನ್ನೂ ಕಿಟಕಿಯ ಕಡೆಗೇ ಇತ್ತು. ಎತ್ತರದ ಮುಳ್ಳು ನಾನೂರ ಎಂಬತ್ತಕ್ಕೆ ಬಂತು, ನಾನೂರ ಐವತ್ತಕ್ಕೆ ಬಂತು. ನಾನು ನನ್ನ ಕಡೆಗೆ ಎಳೆದೆ. ಅವಳು ಬಿಡಲಿಲ್ಲ. ಐವತ್ತೆಂಟು ವರ್ಷದ ಅಕ್ಕನ ವಿರುದ್ಧ ನಾನು ಬಲ ಹಾಕಿ ಎಳೆದೆ.

"ಬಿಡಕ್ಕಾ."

ಅವಳು ಬಿಟ್ಟಳು. ಕೈಗಳನ್ನು ತೊಡೆಯ ಮೇಲೆ ಇಟ್ಟುಕೊಂಡಳು. ವಿಮಾನ ಮೇಲೇರಿತು.

ನನಗೆ ಏನು ಮಾಡಬೇಕೋ ತೋಚದೆ ಕಂಡದ್ದನ್ನು ಹೇಳತೊಡಗಿದೆ. "ತೆರಿ ಮೂರು ಸಾಲು ಬರಾಕ ಹತ್ಯಾವು, ಅಕ್ಕಾ. ಮುಂದಿಂದು ಒಡದೈತಿ, ನೊರಿ..."

"ಸಾಕು" ಎಂದಳು. "ಹೇಳಬ್ಯಾಡ."

ಇಳಿದ ಮೇಲೆ ಗುರುಗಳು ಹೇಗಿತ್ತು ಎಂದು ಕೇಳಿದರು. "ಛಲೋ ಹಾರಿಸಿದಾ" ಎಂದಳು. ಅವರು ಸಂತೋಷಪಟ್ಟರು. ಕಿತ್ತೂರಿನಲ್ಲಿ ಹೆದ್ದಾರಿಯ ಪಕ್ಕ ಚಹಾ ಕುಡಿಯುವುದು ನಮ್ಮ ರೂಢಿ. ಆ ದಿನ ಕಾರು ನಿಧಾನ ಮಾಡಿದಾಗ ಬೇಡವೆಂದು ತಲೆಯಾಡಿಸಿದಳು.

ಬೇಸಿಗೆಯ ಹೊತ್ತಿಗೆ ಬೆಳಕು ಕತ್ತಲೆಯ ವ್ಯತ್ಯಾಸವಷ್ಟೇ ಉಳಿಯಿತು. ನರ್ಸಿಂಗ್ ಹೋಮನ್ನು ಅವಳ ಶಿಷ್ಯೆಯೊಬ್ಬಳು ನಡೆಸುತ್ತಾಳೆ. ಅಕ್ಕ ಬೆಳಗಿನ ಹೊತ್ತು ಬಸುರಿಯರ ಹೊಟ್ಟೆ ಮುಟ್ಟಿ ನೋಡಿ ಕೂಸು ಹೇಗಿದೆ ಎಂದು ಹೇಳುತ್ತಾಳೆ. ತಪ್ಪುವುದಿಲ್ಲವಂತೆ.

ಆ ಹಾರಾಟದ ಮಾತನ್ನು ನಾನು ಎತ್ತಲು ಒಂದು ವರ್ಷ ಬೇಕಾಯಿತು. ನಾನು ಮಾಡಿದ್ದು ಸರಿಯೋ ತಪ್ಪೋ ಎಂದು ಕೇಳಿದೆ. ಅವಳು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು.

"ನೀ ಇಳಿಸಬೇಕಿತ್ತು ಅಂತ ನಾ ಅನ್ನೂದಿಲ್ಲ. ನಾ ನಿನ್ನ ಸೀಟಿನಾಗ ಇದ್ದಿದ್ರ ನಾನೂ ಇಳಿಸ್ತಿದ್ದಿಲ್ಲ" ಎಂದಳು. ಆಮೇಲೆ, "ಆದ್ರ ಇಳಿಸಿದ್ರ ನಾ ಬೈತಿದ್ದಿಲ್ಲ" ಎಂದಳು.

ಅವಳು ಸಮಾಧಾನಕ್ಕಾಗಿ ಸುಳ್ಳು ಹೇಳುವವಳಲ್ಲ. ಎರಡೂ ಮಾತು ನಿಜವೆಂದೇ ನಾನು ಇಟ್ಟುಕೊಂಡಿದ್ದೇನೆ.

ಕಳೆದ ನವೆಂಬರಿನಲ್ಲಿ ಕಾರಿನಲ್ಲಿ ಅವಳನ್ನು ವೆಂಗುರ್ಲೆಯ ಸಮುದ್ರದಂಡೆಗೆ ಕರೆದುಕೊಂಡು ಹೋದೆ. ನನ್ನ ಮೊಳಕೈ ಹಿಡಿದು ಮೊಣಕಾಲುದ್ದ ನೀರಿನಲ್ಲಿ ನಿಂತಳು. ತೆರೆ ಬಂದು ಸೀರೆ ತೋಯಿಸಿ ಹಿಂದಕ್ಕೆ ಹೋಗುವಾಗ ಕಾಲ ಕೆಳಗಿನ ಮರಳು ಜಾರಿ, ನನ್ನನ್ನು ಗಟ್ಟಿಯಾಗಿ ಹಿಡಿದಳು. ಖುಷಿಯಾಗಿದ್ದಾಳೆ ಎಂದುಕೊಂಡೆ.

"ಹೆಂಗೈತಿ ಅಕ್ಕಾ?"

"ನೀರು ಐತಿ" ಎಂದಳು. ಇನ್ನೊಂದು ತೆರೆ ಬಂದು ಹೋಗುವವರೆಗೆ ಕಾದು, "ಮ್ಯಾಲಿಂದ ಹೆಂಗ ಕಾಣತಿತ್ತು, ಅದನ್ನ ಹೇಳು. ಈಗ ಹೇಳು" ಎಂದಳು.

ನಾನು ಶುರು ಮಾಡಿದೆ. ಎರಡು ಮೂರು ಮಾತಿಗೆ ನಿಲ್ಲಿಸಿದೆ. ಅವಳು ಅವಸರ ಮಾಡಲಿಲ್ಲ. ಮತ್ತೆ ಶುರು ಮಾಡಿದೆ. ದೋಣಿ, ಬಲೆ, ಹೊಳೆಯ ಕೆಂಪು ನೀರು, ಬಿಳಿ ಗೆರೆಗಳು. ತಪ್ಪಿದಲ್ಲಿ ಅವಳೇ ತಿದ್ದಿದಳು. ಬಿಸಿಲೇರಿ ಮರಳು ಸುಡುವವರೆಗೂ ಅಲ್ಲೇ ನಿಂತಿದ್ದೆವು. ಈ ವರ್ಷ ಹಾರಲು ಬೇಕಾದ ನನ್ನ ವೈದ್ಯಕೀಯ ಪರೀಕ್ಷೆಯ ಅವಧಿ ಮುಗಿದಿದೆ. ನಾನು ನವೀಕರಿಸಲಿಲ್ಲ. ಯಾಕೆಂದು ಅವಳು ಕೇಳಿಲ್ಲ.